ಗಂಗಮ್ಮನಿಗೊಂದು ತೊಟ್ಟು

ನಮ್ಮ ನೆಂಟರಲ್ಲಿ ನನ್ನ ಅಮ್ಮನಿಗೆ ಒಂದು ಬಿರುದಿದೆ: ದೇವರ ದೀಪಕ್ಕೆ ಸೀಮೆಎಣ್ಣೆ ಹಾಕಿದವಳು. ಯಾರ ಮನೆಯ ಮದುವೆಯಾಗಲಿ, ಗೃಹಪ್ರವೇಶವಾಗಲಿ, ದೀಪ ಹಚ್ಚುವ ಹೊತ್ತಿಗೆ ಯಾರಾದರೊಬ್ಬರು, ಶಾಂತಮ್ಮನ ಕೈಗೆ ಎಣ್ಣೆ ಬಾಟ್ಲಿ ಕೊಡಬ್ಯಾಡ್ರಪ್ಪ ಅಂದೇ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅಮ್ಮನೂ ನಗುತ್ತಾಳೆ. ಮೈ ಉರಿಯುವುದು ನನಗೆ. ಹೋದ ವರ್ಷ ಕಣಕಟ್ಟೆಯ ಮದುವೆಯೊಂದರಲ್ಲಿ ನೆಟ್ಟಗೆ ಮೀಸೆ ಮೂಡದ ಹುಡುಗನೊಬ್ಬ ಇದೇ ಮಾತು ಆಡಿದ. ಆ ದೀಪ ಹೊತ್ತಿದ ಕಾಲಕ್ಕೆ ಅವನ ಅಪ್ಪನೇ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ. ಇವನಿಗೆ ಇದನ್ನು ಯಾರು ಹೇಳಿಕೊಟ್ಟರು, ಮನೆತನದ ಆಸ್ತಿಯ ಹಾಗೆ ಇದನ್ನೂ ಪಾಲು ಹಂಚುತ್ತಾರೋ ಹೇಗೆ ಅಂತ ಸಿಟ್ಟು ಬಂತು. ಹಾಕಿದ್ದು ಅಮ್ಮ ಅಲ್ಲ. ಹಾಕಿದ್ದು ಯಾರು, ಅಮ್ಮ ಯಾಕೆ ಅದನ್ನು ತನ್ನ ತಲೆಯ ಮೇಲೆ ಎಳೆದುಕೊಂಡಳು ಅನ್ನುವುದು ಮನೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು: ಅಜ್ಜಿಗೆ, ಅಮ್ಮನಿಗೆ, ನನಗೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಅಮ್ಮ ಇವತ್ತಿಗೂ ಬಾಯಿ ಬಿಡುವುದಿಲ್ಲ. ಉಳಿದವಳು ನಾನು, ಅಮ್ಮ ಬೈದರೆ ಬೈಯಲಿ.

ಅರಸೀಕೆರೆಯ ನಮ್ಮ ಮನೆ ಅಂದರೆ ಕೆಳಗೆ ಮನುಷ್ಯರು, ಮೇಲೆ ತೆಂಗಿನಕಾಯಿ. ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲದರ ಮೇಲೂ ಅಟ್ಟ, ಅಟ್ಟದ ತುಂಬ ಕಾಯಿ. ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗೊಟಗೊಟ ಅನ್ನುವ ಹೊತ್ತಿಗೆ ಇಳಿಸಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಅಪ್ಪನದು ಕೊಬ್ಬರಿ ವ್ಯಾಪಾರ. ನಾವು ಉಂಡದ್ದು, ಮಲಗಿದ್ದು, ಕಿತ್ತಾಡಿದ್ದು ಎಲ್ಲ ಕೊಬ್ಬರಿ ವಾಸನೆಯ ಕೆಳಗೆ. ಬಂದವರು ಏನು ಘಮ ಅಂದರೆ ಯಾವ ಘಮ ಅಂತ ನಮಗೆ ತಿಳಿಯುತ್ತಿರಲಿಲ್ಲ. ಆ ವಾಸನೆಯನ್ನು ಎಳೆ ಎಳೆಯಾಗಿ ಬಿಡಿಸಿ ಹೇಳಬಲ್ಲವಳು ಒಬ್ಬಳೇ, ಅಪ್ಪನ ತಾಯಿ, ನನ್ನ ಅಜ್ಜಿ. ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ಇದು ಒಳ್ಳೇದು, ಇದು ಕಮಟು, ಇದರ ಹೊಟ್ಟೆಯೊಳಗೆ ಬೂಷ್ಟು ಹಿಡಿದಿದೆ ಅನ್ನುವಳು. ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಕತ್ತಿ ಹಾಕಿ ಒಡೆದು ನೋಡಿದರೆ ಅಜ್ಜಿ ಹೇಳಿದ ಹಾಗೇ ಇರುತ್ತಿತ್ತು. ಅಪ್ಪ ತಕ್ಕಡಿಗೆ ಹಾಕುವ ಮೊದಲು ಅಜ್ಜಿಯ ಮುಖ ನೋಡುತ್ತಿದ್ದ. ಅಮ್ಮಾರ ಮೂಗಿಗೆ ಬಿದ್ದ ಮೇಲೆ ಮುಗೀತು ಬಿಡ್ರಪ್ಪ ಅಂತ ತೋಟದವರು ಅನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಆ ಮನೆಯಲ್ಲಿ ಅಜ್ಜಿಯ ಮಾತು ನಡೆಯುತ್ತಿದ್ದದ್ದು ಆ ಮೂಗಿನ ಬಲದಿಂದ.

ಆ ಮೂಗಿನ ಕಟ್ಟಳೆಯಲ್ಲಿ ಎರಡು ವಸ್ತು ಯಾವತ್ತೂ ಒಂದರ ಹತ್ತಿರ ಒಂದು ಬರಬಾರದು, ನೀರು ಮತ್ತು ಸೀಮೆಎಣ್ಣೆ. ಕುಡಿಯುವ ನೀರಿನ ಕೊಡಗಳು ಅಡುಗೆಮನೆಯ ಮೂಲೆಯಲ್ಲಿ, ಒಲೆಗೂ ದೇವರ ಜಗುಲಿಗೂ ನಡುವೆ. ಸೀಮೆಎಣ್ಣೆ ಡಬ್ಬ ಹಿತ್ತಲ ಬಚ್ಚಲಿನ ಹತ್ತಿರ. ಲಾಟೀನಿಗೋ ಸ್ಟೌಗೋ ಸುರಿದ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದ ಹೊರತು ನೀರಿನ ಕೊಡ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅಜ್ಜಿ ಪಡಸಾಲೆಯಿಂದಲೇ ಯಾರೇ ಅದು ಅಂತ ಕೂಗುವಳು. ಒಂದು ತೊಟ್ಟು ಸೀಮೆಎಣ್ಣೆ ಬಿದ್ದರೆ ಒಂದು ಕೊಡ ನೀರೂ ಕೆಟ್ಟ ಹಾಗೆ. ನೀರಿಗೆ ಅದು ಬೆರೆಯುವುದೂ ಇಲ್ಲ, ನೀರನ್ನು ಬಿಡುವುದೂ ಇಲ್ಲ, ಮೇಲೆ ಕೂತುಕೊಂಡು ಆಳುತ್ತದೆ ಅಂತ ಬೈಯುವಳು. ಅಮ್ಮ ಇದನ್ನು ಕೇಳಿ ನನ್ನ ಕಿವಿಯಲ್ಲಿ, ಯಾರ್ ಹಂಗೆ ಗೊತ್ತಾಯ್ತಾ ಅನ್ನುತ್ತಿದ್ದಳು. ಅಮ್ಮನ ತವರು ಬೇಲೂರು ಕಡೆಯ ಹಗರೆ, ಹಾಲು ಕರೆಯುವ ಮನೆ. ಕರೆದ ಹಾಲನ್ನು ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ನೋಡಿ ನೀರು ಎಷ್ಟು ಅಂತ ಹೇಳುವವರು. ಅಂಥವಳು ಕಾಯಿಸಿದ ಹಾಲಿಗೂ ಅಜ್ಜಿ, ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ ಹೆಸರಿಡುವಳು. ಅಮ್ಮ ರುಬ್ಬಬೇಕು, ಹೆಚ್ಚಬೇಕು, ಮುದ್ದೆ ತೊಳಸಬೇಕು. ಉಪ್ಪು, ಹುಳಿ, ಒಗ್ಗರಣೆ ಮೂರೂ ಅಜ್ಜಿಯವು. ನಾನು ಹುಟ್ಟಿ ಶಾಲೆಗೆ ಹೋಗುವಷ್ಟಾದರೂ ಅಮ್ಮ ಆ ಮನೆಯಲ್ಲಿ ಒಂದು ದಿನವೂ ಸಾರಿಗೆ ತಾನಾಗಿ ಒಗ್ಗರಣೆ ಹಾಕಿದವಳಲ್ಲ. ಈ ಮುದುಕಿ ಮೂಗು ಒಂದು ದಿನ ಕಟ್ಟಿದರೆ ಸಾಕು ದೇವರೇ ಅಂತ ಹಿತ್ತಲಲ್ಲಿ ಗೊಣಗುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ಕಟ್ಟಿತು. ಒಂದು ಚಳಿಗಾಲ ಅಜ್ಜಿಗೆ ನೆಗಡಿ, ಜ್ವರ ಜೋರಾಗಿ ಬಂದು ಹಾಸಿಗೆ ಹಿಡಿದಳು. ಎದ್ದಾಗ ಎಲ್ಲ ಸರಿಯಾಯಿತು, ಮೂಗೊಂದು ವಾಪಸ್ಸು ಬರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಅಜ್ಜಿ ಒಲೆಯ ಮುಂದೆಯೇ ಕೂತು ವೀಳ್ಯದೆಲೆ ಒರೆಸುತ್ತಿದ್ದಾಳೆ. ಅಮ್ಮ ಹಿತ್ತಲಿನಿಂದ ಓಡಿಬಂದವಳು ಬಾಗಿಲಲ್ಲೇ ನಿಂತಳು. ಅಜ್ಜಿಯನ್ನು ನೋಡಿದಳು, ಹಾಲನ್ನು ನೋಡಿದಳು, ಸದ್ದಿಲ್ಲದೆ ಪಾತ್ರೆ ಇಳಿಸಿದಳು. ಆಮೇಲಿನ ದಿನಗಳಲ್ಲಿ ಸಾರಿಗೆ ಬೆಳ್ಳುಳ್ಳಿ ಹೆಚ್ಚುತ್ತ ಹೋಯಿತು, ಇಂಗು ಹೆಚ್ಚುತ್ತ ಹೋಯಿತು. ಅಪ್ಪ ತಟ್ಟೆಯ ಮುಂದೆ, ಇದೇನವ್ವ ಇವತ್ತು ಬೆಳ್ಳುಳ್ಳಿ ಹಿಂಗೆ ಅಂದರೆ, ವಾಯುವಿಗೆ ಒಳ್ಳೇದು ಉಣ್ಣಪ್ಪ ಅನ್ನುವಳು. ಕೊಬ್ಬರಿಯನ್ನೂ ಮೂಗಿಗೆ ಹಿಡಿಯುವಳು, ಆದರೆ ಮೊದಲಿನ ಹಾಗೆ ಪಟಪಟ ಅಂತ ಎಡ ಬಲ ಹಾಕದೆ ಕಣ್ಣಲ್ಲಿ ಹುಡುಕುವಳು, ಬೆರಳಲ್ಲಿ ಸವರುವಳು. ವಯಸ್ಸಾಯ್ತು, ನಿಧಾನವಾಗಿದ್ದಾಳೆ ಅಂತ ಅಪ್ಪ ತಿಳಿದ. ಅಮ್ಮ ಏನು ತಿಳಿದಳೋ, ಒಂದು ಮಾತೂ ಆಡಲಿಲ್ಲ.

ಬೇಸಿಗೆ ಬಂತು. ಸೀಮೆಎಣ್ಣೆ ಡಬ್ಬ ಸೋರುತ್ತದೆಂದು ಬೆಸುಗೆಗೆ ಕೊಟ್ಟಿದ್ದರು. ಅಷ್ಟರಲ್ಲಿ ರೇಷನ್ ಬಂದದ್ದರಿಂದ ಅಪ್ಪ ಖಾಲಿ ಬಾಟಲಿಗಳಿಗೆ ತುಂಬಿಸಿಕೊಂಡು ಬಂದು, ಒಂದನ್ನು ನಡುಮನೆಯ ಗೂಡಿನಲ್ಲಿಟ್ಟುಬಿಟ್ಟ. ಅದೇ ಗೂಡಿನಲ್ಲಿ ದೀಪದ ಕೊಬ್ಬರಿ ಎಣ್ಣೆ, ಅದೂ ಅಂಥದ್ದೇ ಬಾಟಲಿ. ಚಳಿಗಾಲವಾಗಿದ್ದರೆ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು, ಕುರುಡರಿಗೂ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಅದು ಕರಗಿ ತಿಳಿ ನೀರು. ಸೀಮೆಎಣ್ಣೆಗೂ ಆಗಿನ್ನೂ ನಮ್ಮ ಡಿಪೋದಲ್ಲಿ ನೀಲಿ ಬಣ್ಣ ಬಂದಿರಲಿಲ್ಲ. ಎರಡು ಬಾಟಲಿ ಅಕ್ಕಪಕ್ಕ ನಿಂತರೆ ಬೇರೆ ಮಾಡುವುದು ಮೂಗೊಂದೇ.

ಅವತ್ತು ಸೋಮವಾರ, ಸಂಜೆ ಪೂಜೆಗೆ ಮಠದ ಅಯ್ಯನವರು ಬಂದಿದ್ದರು. ಜಾವಗಲ್ಲಿನಿಂದ ಅಪ್ಪನ ಅಕ್ಕನೂ ಬಂದಿದ್ದಳು. ಅವಳನ್ನು ನಾವು ಜಾವಗಲ್ ಅತ್ತೆ ಅನ್ನುತ್ತಿದ್ದೆವು, ಅವಳ ಬಾಯಿಗೆ ಬೀಗ ಅನ್ನುವುದು ಇರಲಿಲ್ಲ. ದೇವರ ಜಗುಲಿಯ ಮೇಲೆ ನಮ್ಮದು ಗಾಜಿನ ಬಟ್ಟಲಿನ ದೀಪ. ಅರ್ಧ ನೀರು, ಅದರ ಮೇಲೆ ಎಣ್ಣೆ, ಎಣ್ಣೆಯಲ್ಲಿ ತೇಲುವ ಬತ್ತಿ. ಎಣ್ಣೆ ಉರಿದು ಮುಗಿದು ನೀರು ಮುಟ್ಟಿದರೆ ದೀಪ ತಾನಾಗಿ ಶಾಂತವಾಗುತ್ತದೆ. ಅಯ್ಯನವರು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ, ಎಣ್ಣೆ ಕಮ್ಮಿಯಾಯಿತೆಂದು ಅಜ್ಜಿ ಗೂಡಿನಿಂದ ಬಾಟಲಿ ತಂದು ಧಾರಾಳವಾಗಿ ಸುರಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬತ್ತಿಯ ತುದಿಯಲ್ಲಿದ್ದ ಬೆಂಕಿ ಬಟ್ಟಲಿನಷ್ಟಗಲ ಆಯಿತು. ಕರೀ ಹೊಗೆ ಎದ್ದು ಅಟ್ಟದ ಹಲಗೆಯನ್ನು ನೆಕ್ಕಿತು. ಮೇಲೆ ವರ್ಷದ ಕಾಯಿ, ಒಣಗಿದ ಕೊಬ್ಬರಿ. ಹತ್ತಿಕೊಂಡರೆ ಮನೆಯೂ ಇಲ್ಲ, ನಾವೂ ಇಲ್ಲ. ಅಪ್ಪ ಚೊಂಬಿನ ನೀರು ಎತ್ತಿದ. ಅಮ್ಮ ಅಯ್ಯನವರು ಇದ್ದಾರೆ, ಹಿರಿಯರು ಇದ್ದಾರೆ ಅಂತ ನೋಡದೆ ಗಂಡನ ಮುಂಗೈ ಹಿಡಿದುಬಿಟ್ಟಳು.

“ನೀರು ಬ್ಯಾಡ್ರೀ. ಸೀಮೆಣ್ಣೆ ಅದು, ನೀರಿನ ಮೇಲೇ ಹರಿದು ಹೋಗ್ತದೆ.”

ಹೂವಿನ ಹಿತ್ತಾಳೆ ತಟ್ಟೆಯನ್ನು ಬರಿದು ಮಾಡಿ ಬಟ್ಟಲಿನ ಮೇಲೆ ಬೋರಲು ಹಾಕಿದಳು. ಒಳಗೆ ಗಾಜು ಟಿಕ್ ಅಂತ ಸೀಳಿತು, ಬೆಂಕಿ ಸತ್ತಿತು. ಹಗರೆಯಲ್ಲಿ ಅವಳು ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿ ಲಾಟೀನು ಉರುಳಿ, ಗಾಬರಿಯಲ್ಲಿ ಯಾರೋ ನೀರು ಎರಚಿ, ಬೆಂಕಿ ಆ ನೀರಿನ ಬೆನ್ನೇರಿ ಹುಲ್ಲಿನ ತನಕ ಓಡಿದ್ದನ್ನು ಕಣ್ಣಾರೆ ಕಂಡಿದ್ದಳಂತೆ. ಹೊಗೆ ಇಳಿಯಿತು, ವಾಸನೆ ಉಳಿಯಿತು. ಗೋಡೆ ಕಪ್ಪಾಗಿತ್ತು. ಮನೆಯೆಲ್ಲ ಘಾಟು, ಅಯ್ಯನವರು ಶಲ್ಯ ಮೂಗಿಗೆ ಹಿಡಿದಿದ್ದಾರೆ. ಅಜ್ಜಿ ಮಾತ್ರ ಬಾಟಲಿ ಹಿಡಿದುಕೊಂಡು, ಏನಾಯಿತೆಂದೇ ತಿಳಿಯದವಳ ಹಾಗೆ ನಿಂತಿದ್ದಾಳೆ. ಆಗ ಜಾವಗಲ್ ಅತ್ತೆ ಕೇಳಬಾರದ್ದನ್ನು ಕೇಳಿದಳು.

“ಇಷ್ಟು ಸೀಮೆಣ್ಣೆ ವಾಸನೆ ಹೊಡೀತಾ ಐತೆ, ನಮ್ಮವ್ವಂಗೆ ಗೊತ್ತಾಗ್ಲಿಲ್ವಾ?”

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಷ್ಟು ಗಟ್ಟಿ ಹೆಂಗಸು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಮ್ಮ ಅಜ್ಜಿಯ ಕೈಯಿಂದ ಬಾಟಲಿ ತೆಗೆದುಕೊಂಡಳು.

“ಬಟ್ಟಲಿಗೆ ಮೊದಲೇ ಸೀಮೆಣ್ಣೆ ಹಾಕಿದ್ದೋಳು ನಾನು ಅತ್ಗೆ. ಬಾಟ್ಲಿ ಅದಲು ಬದಲು ಮಾಡಿದ್ದೂ ನಾನೇ. ಅತ್ತೆ ನನ್ನ ನಂಬಿ ಸುರಿದ್ರು. ತಪ್ಪಾಯ್ತು.”

ಅಜ್ಜಿಗೆ ಯಾಕೆ ವಾಸನೆ ಬರಲಿಲ್ಲ ಅನ್ನುವ ಪ್ರಶ್ನೆ ಅಲ್ಲಿಗೆ ಹೂತುಹೋಯಿತು. ಬೈಯುವುದಕ್ಕೆ ಒಬ್ಬಳು ಸೊಸೆ ಸಿಕ್ಕಿದ ಮೇಲೆ ಮುದುಕಿಯ ಮೂಗು ಯಾರಿಗೆ ಬೇಕು? ಜಾವಗಲ್ ಅತ್ತೆ ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ತವರಿನವರು ದೇವರ ಭಯ ಕಲಿಸಲಿಲ್ಲವೇ ಅಂದಳು, ಇನ್ನು ಜಗುಲಿಯ ಹತ್ತಿರ ಇವಳು ಸುಳಿಯಬಾರದು ಅಂದಳು. ಅಪ್ಪ ಎಷ್ಟೋ ದಿನ ಅಮ್ಮನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅಯ್ಯನವರು ಮಾತ್ರ, ಹೋಗಲಿ ಬಿಡಿ, ಯಾವ ಎಣ್ಣೆಯಾದರೂ ಬೆಳಕು ಅವನದೇ ಅಂದು ಬೇರೆ ದೀಪ ಹಚ್ಚಿಸಿದರು. ಅತ್ತೆ ಜಾವಗಲ್ಲಿಗೆ ಹೋಗುವ ದಾರಿಯುದ್ದಕ್ಕೂ, ಹೋದ ಮೇಲೂ, ಕಂಡಕಂಡವರಿಗೆಲ್ಲ ಹೇಳಿದಳು. ಅಮ್ಮನ ಬಿರುದು ಶುರುವಾದದ್ದು ಹಾಗೆ.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಅಂಗಡಿಗೆ ಹೋಗಿದ್ದ, ನನ್ನ ತಮ್ಮ ತೊಟ್ಟಿಲಲ್ಲಿ ಮಲಗಿದ್ದ. ಅಮ್ಮ ಅಡುಗೆಮನೆಯಲ್ಲಿ ಹೊಗೆಯ ಮಸಿ ಹಿಡಿದ ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ನಾನು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಅಜ್ಜಿ ಬಂದು ಹೊಸ್ತಿಲ ಮೇಲೆ ಕೂತಳು. ನನ್ನನ್ನು ಹೊರಗೆ ಕಳಿಸಬೇಕು ಅನ್ನುವುದೂ ಅವಳಿಗೆ ಹೊಳೆಯಲಿಲ್ಲ.

“ಯಾವತ್ತಿಂದ ಗೊತ್ತು ನಿಂಗೆ?”

“ಹಾಲು ಸೀದ ದಿನದಿಂದ.”

“ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?”

“ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ ಅತ್ತೆ.”

ಅಜ್ಜಿ ಸೆರಗು ಮುಖಕ್ಕೆ ಹಿಡಿದು ಅತ್ತಳು. ಅಳುವಿನ ನಡುವೆ ಅವಳು ಅಂದದ್ದು ಆಗ ನನಗೆ ಅರ್ಥವಾಗಲಿಲ್ಲ.

“ಕಮಟು ಕೊಬ್ಬರೀನ ಎಡಕ್ಕೆ ಹಾಕ್ತಾರೆ ಕಣೇ. ಗೊತ್ತಾದ್ರೆ ನನ್ನೂ ಎಡಕ್ಕೆ ಹಾಕ್ತಾರೆ.”

ಅಮ್ಮ ಸಮಾಧಾನದ ಮಾತು ಆಡಲಿಲ್ಲ. ಅವಳಿಗೆ ಅದು ಬರುವುದೂ ಇಲ್ಲ. ಕೈ ತೊಳೆದುಕೊಂಡು, ಹಿತ್ತಾಳೆ ಬಟ್ಟಲಿಗೆ ನೀರು ತುಂಬಿ ಅಜ್ಜಿಯ ಮುಂದಿಟ್ಟಳು. ಎರಡೂ ಬಾಟಲಿ ತಂದಳು. ಒಂದರಿಂದ ಒಂದು ತೊಟ್ಟು ಬಿಟ್ಟಳು. ತೊಟ್ಟು ನೀರಿನ ಮೇಲೆ ದುಂಡಗೆ, ಕಾಸಿನ ಹಾಗೆ ನಿಂತುಕೊಂಡಿತು. ನೀರು ಬದಲಾಯಿಸಿ ಇನ್ನೊಂದರಿಂದ ಬಿಟ್ಟಳು. ಅದು ನಿಲ್ಲಲಿಲ್ಲ, ಬಟ್ಟಲಿನ ಅಂಚಿನ ತನಕ ಓಡಿತು, ನೀರಿನ ಮೇಲೆಲ್ಲ ನವಿಲಿನ ಬಣ್ಣ ಎದ್ದಿತು. ನಾನು ಮೊರ ಬಿಟ್ಟು ಓಡಿಬಂದೆ.

“ಹಾಲಿಗೆ ಉಗುರು, ಎಣ್ಣೆಗೆ ನೀರು. ನಿಂತ್ರೆ ನಮ್ಮದು, ಓಡಿದ್ರೆ ಸೀಮೆಣ್ಣೆ. ಮೂಗು ಯಾಕೆ ಅತ್ತೆ, ಗಂಗಮ್ಮ ಹೇಳ್ತಾಳೆ.”

ಅಜ್ಜಿ ಕಣ್ಣೊರೆಸಿಕೊಂಡು ತಾನೇ ಬಿಟ್ಟು ನೋಡಿದಳು. ಮತ್ತೆ ಬಿಟ್ಟು ನೋಡಿದಳು. ಅವಳು ಎದ್ದು ಹೋದ ಮೇಲೆ ಬಟ್ಟಲು ನನ್ನ ಪಾಲಿಗೆ ಬಂತು. ಎರಡು ಎಣ್ಣೆಯನ್ನೂ ಒಂದು ಸೀಸೆಗೆ ಹಾಕಿ ಕುಲುಕಿದೆ. ಯಾವುದು ಯಾವುದೆಂದು ತಿಳಿಯದಂತೆ ಒಂದಾಗಿಬಿಟ್ಟವು. ಅವೆರಡೂ ಒಂದೇ ಜಾತಿ ಕಣೇ, ಅದಕ್ಕೇ ಅಪಾಯ ಅಂದಳು ಅಮ್ಮ. ನೀರು ಸೇರಿಸಿ ಕುಲುಕಿದೆ. ಕೈ ನಿಲ್ಲಿಸಿದ ಕೂಡಲೇ ಮೇಲೆ ಕೆಳಗೆ ಆದವು. ಅಮ್ಮ ಅಂಟುವಾಳಕಾಯಿ ನೆನೆಸಿದ ನೀರು ಒಂದಿಷ್ಟು ಕೊಟ್ಟು ಈಗ ಕುಲುಕು ಅಂದಳು. ಏನು ಹೇಳಲಿ, ಸೀಸೆಯೊಳಗೆ ಮಜ್ಜಿಗೆಯ ಹಾಗೆ ಬೆಳ್ಳಗೆ ಆಗಿ ಮೂರೂ ಕೂಡಿಕೊಂಡವು. ಅದನ್ನು ಕರಿಬೇವಿನ ಗಿಡದ ಹೇನಿಗೆ ಚಿಮುಕಿಸಿದೆವು. ಉಳಿದದ್ದನ್ನು ಮಾರನೆ ದಿನ ನೋಡಿದರೆ ಮತ್ತೆ ಬೇರೆ ಬೇರೆ ನಿಂತಿತ್ತು. ಅಷ್ಟು ಹೊತ್ತಿಗೆ ಅಜ್ಜಿಯೂ ಅಮ್ಮನೂ ಉಪ್ಪಿನ ವಿಷಯಕ್ಕೆ ಜಗಳ ಶುರು ಮಾಡಿದ್ದರು. ಒಂದು ಮಧ್ಯಾಹ್ನದಲ್ಲಿ ಅತ್ತೆ ಸೊಸೆ ತಾಯಿ ಮಗಳಾಗುವುದು ಕತೆಯಲ್ಲಿ ಮಾತ್ರ.

ಆದರೆ ಎರಡು ಸಂಗತಿ ಬದಲಾದವು. ಅಜ್ಜಿ ಅವತ್ತಿನಿಂದ ದೀಪಕ್ಕೆ ಎಣ್ಣೆ ಹಾಕುವ ಮೊದಲು ಬಟ್ಟಲಲ್ಲಿ ನೀರಿಟ್ಟುಕೊಂಡು ಒಂದು ತೊಟ್ಟು ಬಿಡತೊಡಗಿದಳು. ಅಪ್ಪ ಇದೇನು ಅಂದದ್ದಕ್ಕೆ, ಗಂಗಮ್ಮನಿಗೆ ಒಂದು ತೊಟ್ಟು ಕಣಪ್ಪ, ಬೆಂಕಿ ಕಂಡ ಮನೆ ಅಂದಳು. ಜಾವಗಲ್ ಅತ್ತೆ ಮುಂದಿನ ಸಲ ಬಂದವಳು ಅದನ್ನು ಭಕ್ತಿಯಿಂದ ನೋಡಿ ಕಲಿತು ಹೋದಳು. ಅವಳ ಸೊಸೆಯರು ಕಲಿತರು, ಅವರ ಹೆಣ್ಣುಮಕ್ಕಳು ಕಣಕಟ್ಟೆಗೂ ಹಳೇಬೀಡಿಗೂ ಕೊಂಡುಹೋದರು. ಈಗ ನಮ್ಮ ನೆಂಟರ ಮನೆಗಳಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಹೋದ ವರ್ಷದ ಮದುವೆಯಲ್ಲೇ ಅದಕ್ಕೆ ಪಂಚಭೂತ ಅಂತ ಏನೇನೋ ಅರ್ಥ ಹೇಳಿದರು. ಅಮ್ಮ ಹೂಂ ಕಣಪ್ಪ, ಹಂಗೇ ಅಂತ ತಲೆಯಾಡಿಸಿದಳು. ಆ ಪದ್ಧತಿಯನ್ನು ಮಾಡದವಳು ಇಡೀ ಬಳಗದಲ್ಲಿ ಅಮ್ಮ ಒಬ್ಬಳೇ. ಅವಳಿಗೆ ಮೂಗಿತ್ತು, ಯಾಕೆ ಮಾಡಬೇಕು? ಅದಕ್ಕೂ ಮಾತು ಕೇಳಬೇಕಾಯಿತು: ಸೀಮೆಎಣ್ಣೆ ಹಾಕಿದ್ದೂ ಅಲ್ಲದೆ ಗಂಗಮ್ಮನಿಗೆ ಒಂದು ತೊಟ್ಟು ಬಿಡುವುದಕ್ಕೂ ಸೊಕ್ಕು.

ಇನ್ನೊಂದು, ಕೊಬ್ಬರಿ. ಅಜ್ಜಿ ಕೊಬ್ಬರಿ ಆರಿಸುವ ಹಾಸುಗಲ್ಲಿನ ಮೇಲೆ ಮೊದಲಿನ ಹಾಗೇ ಕೂರುತ್ತಿದ್ದಳು. ಉಂಡೆಯನ್ನು ಮೂಗಿಗೆ ಹಿಡಿದು, ಆಮೇಲೆ ಪಕ್ಕದಲ್ಲಿ ಕೂತ ಅಮ್ಮನಿಗೆ ಕೊಟ್ಟು, ನೋಡೇ, ನೀನೂ ಕಲ್ತ್ಕೋ ಅನ್ನುವಳು. ಅಮ್ಮ ಮೂಸಿ, ನೀವು ಹೇಳಿದ್ದೇ ಸರಿ ಅತ್ತೆ ಅಂತ ಎಡಕ್ಕೋ ಬಲಕ್ಕೋ ಹಾಕುವಳು. ಅಜ್ಜಿ ಏನೂ ಹೇಳಿರುತ್ತಿರಲಿಲ್ಲ. ಕೊನೆಗೂ ಮುದುಕಿ ಸೊಸೆಗೆ ವಿದ್ಯೆ ಹೇಳಿಕೊಡ್ತಾ ಐತೆ ನೋಡ್ರಪ್ಪ ಅಂತ ತೋಟದವರು ಮೆಚ್ಚಿಕೊಂಡರು. ಹಗರೆಯ ಹಾಲಿನ ಮನೆಯ ಮೂಗು ಕೊಬ್ಬರಿಗೆ ಪಳಗುವುದಕ್ಕೆ ಬಹಳ ದಿನ ಬೇಕಾಯಿತು, ಒಂದೆರಡು ಸಲ ತಪ್ಪಿತು ಕೂಡ. ತಪ್ಪಿದಾಗ ಅಜ್ಜಿಯೇ, ನನಗೇ ವಯಸ್ಸಾಯ್ತು ಬಿಡು ಅಂದು ತನ್ನ ಮೇಲೆ ಹಾಕಿಕೊಂಡಳು. ಒಗ್ಗರಣೆಯೂ ಹೀಗೇ ಅಜ್ಜಿಯ ಕೈಯಿಂದ ಅಮ್ಮನ ಕೈಗೆ ಬಂತು. ಅಜ್ಜಿ ಕೊನೆಯ ತನಕ ಒಲೆಯ ಮುಂದೆಯೇ ಕೂತಿದ್ದಳು, ಹಾಸುಗಲ್ಲನ್ನೂ ಬಿಡಲಿಲ್ಲ. ಯಾರೂ ಅವಳನ್ನು ಎಡಕ್ಕೆ ಹಾಕಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ನಾನು ಅಮ್ಮನನ್ನು ಕೇಳಿದೆ: ಅಷ್ಟು ಕಾಟ ಕೊಟ್ಟವಳು, ಒಂದು ಮಾತು ಆಡಿದ್ದರೆ ಮನೆ ನಿನ್ನ ಕೈಗೆ ಬರುತ್ತಿತ್ತಲ್ಲ, ಯಾಕೆ ಆಡಲಿಲ್ಲ?

“ಆ ಹೆಂಗಸಿಗೆ ಇದ್ದದ್ದು ಅದೊಂದೇ ಕಣೇ. ಅದನ್ನೂ ಕಿತ್ಕೊಂಡು ನಾನೇನ್ ಮಾಡ್ಲಿ?”

ನಾನು ಈಗ ಬೇಲೂರಿನಲ್ಲಿರುವವಳು. ಅರಸೀಕೆರೆಯ ಮನೆಯಲ್ಲಿ ನನ್ನ ತಮ್ಮ ಇದ್ದಾನೆ, ಅವನ ಹೆಂಡತಿ ಸವಿತ ಇದ್ದಾಳೆ, ಅಮ್ಮ ಇದ್ದಾಳೆ. ಸೀಮೆಎಣ್ಣೆ ಮನೆ ಬಿಟ್ಟು ಯಾವ ಕಾಲವಾಯಿತೋ. ಅಟ್ಟದಲ್ಲಿ ಕಾಯಿ ಇನ್ನೂ ಇದೆ. ಸವಿತ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅಮ್ಮನಿಗೂ ಅವಳಿಗೂ ಅಷ್ಟಕ್ಕಷ್ಟೇ, ಕುಕ್ಕರಿನ ಸೀಟಿಗೂ ಮಾತು ಬೆಳೆಯುತ್ತದೆ. ಈ ಚಳಿಗಾಲ ಅಮ್ಮನಿಗೆ ಜ್ವರ ಬಂದು ಬಹಳ ದಿನ ಮಲಗಿದ್ದಳು. ಬೇಸಿಗೆ ಶುರುವಾದ ಮೇಲೆ ಒಂದು ಭಾನುವಾರ ನೋಡಿಕೊಂಡು ಬರೋಣ ಅಂತ ಹೋದೆ. ಅಮ್ಮ ಸ್ನಾನ ಮಾಡಿ ಬಂದು ದೇವರ ಜಗುಲಿಯ ಮುಂದೆ ಕೂತಳು. ಹಿತ್ತಾಳೆ ಬಟ್ಟಲಿಗೆ ನೀರು ಹಾಕಿದಳು. ಎಣ್ಣೆಯ ಸೀಸೆಯಿಂದ ಒಂದು ತೊಟ್ಟು ಬಿಟ್ಟು, ಬಗ್ಗಿ ನೋಡಿದಳು. ನಾನು ಬಾಗಿಲಲ್ಲಿ ನಿಂತವಳು ನಿಂತೇ ಇದ್ದೆ. ಅಷ್ಟು ವರ್ಷ ಬೈಸಿಕೊಂಡರೂ ಮಾಡದ ಕೆಲಸವನ್ನು ಅಮ್ಮ ಮಾಡುತ್ತಿದ್ದಳು. ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿದ್ದರೆ ನನಗೆ ಗೊತ್ತಾಗಿಬಿಟ್ಟಿತು ಅಂತ ಅವಳಿಗೆ ಗೊತ್ತಾಗುತ್ತಿತ್ತು, ಅದಕ್ಕೆ ಸುಮ್ಮನೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಊಟವಾದ ಮೇಲೆ ತಮ್ಮ ಅಟ್ಟದಿಂದ ಇಳಿಸಿದ್ದ ಕೊಬ್ಬರಿಯನ್ನು ಹಾಸುಗಲ್ಲಿನ ಮೇಲೆ ಸುರಿದು ಹೋದ. ಅಮ್ಮ ಕೂತಳು. ಒಂದು ಉಂಡೆ ಎತ್ತಿ ಮೂಗಿಗೆ ಹಿಡಿದಳು, ತಿರುಗಿಸಿ ಹಿಡಿದಳು, ಬೆರಳಲ್ಲಿ ಸವರಿದಳು. ಸವಿತ ಮೊಬೈಲು ನೋಡುತ್ತ ಕಂಬಕ್ಕೆ ಒರಗಿದ್ದಳು. ಅಮ್ಮ ಅವಳ ಕಡೆ ಉಂಡೆ ಚಾಚಿದಳು.

“ನೋಡೇ, ನೀನೂ ಕಲ್ತ್ಕೋ.”

ಸವಿತಳಿಗೆ ಹಳೆಯದು ಯಾವುದೂ ಗೊತ್ತಿಲ್ಲ, ನಾನು ಹೇಳಿಲ್ಲ, ಅಮ್ಮ ಹೇಳುವವಳಲ್ಲ. ಅವಳು ಮೊಬೈಲು ಕೆಳಗಿಟ್ಟು ಬಂದು ಅಮ್ಮನ ಪಕ್ಕ ಕೂತಳು. ಉಂಡೆ ಮೂಸಿದಳು. ಅಮ್ಮನ ಮುಖ ನೋಡಿದಳು, ಇನ್ನೊಂದು ಸಲ ಮೂಸಿದಳು.

“ನೀವು ಹೇಳಿದ್ದೇ ಸರಿ ಅತ್ತೆ, ಕಮಟು,” ಅಂದು ಎಡಕ್ಕೆ ಹಾಕಿದಳು.

ಅಮ್ಮ ಏನೂ ಹೇಳಿರಲಿಲ್ಲ.